ಪೋಸ್ಟ್‌ಮಾಸ್ತರರಿಗೆ ವಾಪಸ್ ಬಂದ ಟಪಾಲು

ನಮ್ಮ ಕಾಕಾ ಗಂಡಸರ ಗುಳಿಗೆ ಮಾರುತ್ತಾರೆಂಬ ಸಂಗತಿ ಒಂದು ಕಾಲಕ್ಕೆ ನಾಲ್ಕು ಖಂಡಗಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಎರಡೇ ಕಡೆ: ಕಮಲಾಪುರಕ್ಕೆ ಮತ್ತು ಸ್ವತಃ ಕಾಕಾನಿಗೆ. ಏಕಾದಶಿಗೆ ನೀರನ್ನೂ ಯೋಚಿಸಿ ಕುಡಿಯುವ ಮನುಷ್ಯ ಈ ಧಂದೆಗೆ ಹೇಗೆ ಇಳಿದರು ಅಂತೀರಾ? ಅದನ್ನೇ ಹೇಳಲು ಕೂತಿದ್ದೇನೆ, ಸ್ವಲ್ಪ ತಾಳಿ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಕಮಲಾಪುರದ ಟಪಾಲು ಕಚೇರಿಯಲ್ಲಿ ಪೋಸ್ಟ್‌ಮಾಸ್ತರರಾಗಿ ನಿವೃತ್ತರಾದವರು. ಅದೂ ಸರಕಾರದ ಪ್ರಕಾರ ಮಾತ್ರ. ಇವತ್ತಿಗೂ ಮನೆಗೆ ಲಗ್ನಪತ್ರಿಕೆ ಬಂದರೆ ಮೊದಲು ಓದುವುದು ಲಕೋಟೆಯ ಮೇಲಿನ ಮೊಹರು. ಯಾವ ಊರಲ್ಲಿ ಎಷ್ಟು ದಿನ ಕೂತಿತ್ತು ಎಂದು ಬೆರಳು ಮಡಚಿ ಎಣಿಸಿದ ಮೇಲೆ, ಲಗ್ನ ಯಾರದೆಂದು ನೋಡುತ್ತಾರೆ. ಅವರ ಹೆಂಡತಿ, ನಮ್ಮ ಕಾಕು, ಚಹಾ ತರುವುದು ತಡವಾದರೆ "ಯಾವ ಊರ ಮ್ಯಾಲಿಂದ ಬಂತು?" ಎಂದು ಕೇಳುತ್ತಾರೆ.

ಎಂಬತ್ತರ ದಶಕದಲ್ಲಿ ಒಮ್ಮೆ ಒಂದು ಕಾರ್ಡು ಬಂತಂತೆ. ವಿಳಾಸ ಇಷ್ಟೇ: "ಕುಂಟ ಎಮ್ಮಿ ಇದ್ದ ಮನಿ, ಕಮಲಾಪುರ." ಬೇರೆಯವರಾಗಿದ್ದರೆ ವಾಪಸ್ ಕಳಿಸುತ್ತಿದ್ದರು. ಕಾಕಾ ವಿಚಾರಿಸಿದರು. ಎಮ್ಮೆಯನ್ನು ಮಹಾಗಾಂವದವರಿಗೆ ಮಾರಿಯಾಗಿತ್ತು. ರವಿವಾರ ಬಸ್ಸು ಹತ್ತಿ ಮಹಾಗಾಂವಕ್ಕೆ ಹೋಗಿ, ಎಮ್ಮೆಯನ್ನು ಕಂಡು, ಕೊಂಡವನಿಂದ ಮಾರಿದವನ ಹೆಸರು ತಿಳಿದು, ತಿರುಗಿ ಬಂದು ಕಾರ್ಡು ಮುಟ್ಟಿಸಿದರು. ಆ ಮನೆ ಟಪಾಲು ಕಚೇರಿಯ ಹಿಂದಿನ ಓಣಿಯಲ್ಲೇ ಇತ್ತು.

ಇಂಥ ಕಾಕಾ ನಿವೃತ್ತಿಯ ನಂತರ ಊರಿನ ಕೆಂಪು ಬಾಳೆ ಬೆಳೆಯುವವರ ಒಂದು ಸಣ್ಣ ಸಂಘಕ್ಕೆ ಕಾರ್ಯದರ್ಶಿಯಾದರು. ನಾನಾಗ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಇಂಟರ್ನೆಟ್ ಅಂಗಡಿ ನಡೆಸುತ್ತಿದ್ದೆ. ಇಂಟರ್ನೆಟ್ಟೆಂದರೆ ಜನ ಇನ್ನೂ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಕಾಲ. ಸಂಘದ ಹೆಸರಿನಲ್ಲೊಂದು ವೆಬ್‌ಸೈಟ್ ಮಾಡಿ, ಹಳೆಯ ಕಂಪ್ಯೂಟರೊಂದನ್ನು ಕಾಕಾನ ಮನೆಗೆ ಸಾಗಿಸಿ, ಫೋನಿಗೆ ಜೋಡಿಸಿದೆ. "ಯಾವ ಹೆಸರಿಗೆ ಇಮೇಲ್ ಬೇಕು?" ಎಂದು ಕೇಳಿದೆ.

"ಎಲ್ಲಾ ಹೆಸರಿಗೆ," ಅಂದರು ಕಾಕಾ. "ಯಾರರೇ ಹೆಸರು ತಪ್ಪು ಬರದಿರ್ತಾರ. ಊರು ಸರಿ ಇದ್ರ ಸಾಕು, ಟಪಾಲು ನನಗ ಮುಟ್ಟಬೇಕು."

ಹಾಗೆಯೇ ಮಾಡಿಕೊಟ್ಟೆ. ಸಂಘದ ಇಮೇಲ್ ವಿಳಾಸದಲ್ಲಿ @ ಗುರುತಿನ ಹಿಂದೆ ಏನು ಬರೆದರೂ, ಕತ್ತೆ ಎಂದು ಬರೆದರೂ, ಅದು ಕಾಕಾನಿಗೇ ಬರುತ್ತಿತ್ತು. ಕುಂಟ ಎಮ್ಮೆಯ ಋಣ ಈ ರೂಪದಲ್ಲಿ ನನ್ನ ಕೊರಳಿಗೆ ಬೀಳುತ್ತದೆಂದು ನನಗೇನು ಗೊತ್ತು?

ಒಂದು ಬೆಳಿಗ್ಗೆ ಕಾಕಾನ ಫೋನು. "ತಮ್ಮಾ, ಮುನ್ನೂರು ಟಪಾಲು ವಾಪಸ್ ಬಂದಾವ."

"ನೀವು ಎಷ್ಟು ಕಳಿಸಿದ್ರಿ?"

"ಒಂದೂ ಇಲ್ಲ."

ಓಡಿದೆ. ನೋಡಿದರೆ, ಯಾವನೋ ಕಳ್ಳ ನಮ್ಮ ಸಂಘದ ವಿಳಾಸದ ಹಿಂದೆ ಬಾಯಿಗೆ ಬಂದ ಹೆಸರು ಸೇರಿಸಿ, ಕಳಿಸಿದವರು ನಾವೇ ಎಂಬಂತೆ, ದೇಶದೇಶಕ್ಕೆ ಗುಳಿಗೆಯ ಜಾಹೀರಾತು ಹಂಚಿದ್ದ. ಮುಟ್ಟದೇ ಉಳಿದದ್ದೆಲ್ಲ "ವಿಳಾಸದಾರರಿಲ್ಲ" ಎಂದು ಕಾಕಾನ ಮನೆಗೆ ತಿರುಗಿ ಬರುತ್ತಿತ್ತು. ಕಾಕಾನಿಗೆ ಜಾಹೀರಾತು ಪೂರ್ತಿ ತಿಳಿಯಲಿಲ್ಲ. ನಾನು ಕಣ್ಣು ತಪ್ಪಿಸಿ, ಅರ್ಧ ನುಂಗಿ, ಅರ್ಥ ಹೇಳಿದೆ. ಕಾಕಾ ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬಂದರು. ಅಡುಗೆಮನೆಯಿಂದ ಕಾಕು, "ತಮ್ಮ ಸಕ್ಕರಿ ಗುಳಗಿ ನುಂಗೂದು ನೆನಪಿರೂದಿಲ್ಲ, ಮಂದಿಗೆ ಗುಳಗಿ ಮಾರ್ಲಿಕ್ಕೆ ಹೊಂಟಾರಂತ," ಎಂದರು.

ಅಳಿಸಿ ಒಗೆಯೋಣವೆಂದರೆ ಕಾಕಾ ಕೈ ಹಿಡಿದರು. ಯಾಕೆ ಗೊತ್ತೆ? ವಾಪಸ್ ಬಂದ ಪತ್ರಗಳಲ್ಲಿ ಬಹಳಷ್ಟಕ್ಕೆ ಕೆಳಗೆ ಸಹಿ ಇತ್ತು: "ಪೋಸ್ಟ್‌ಮಾಸ್ಟರ್." ಅದು ಯಂತ್ರದ ಹೆಸರು, ಮನುಷ್ಯನದಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಯಂತ್ರಕ್ಕ ಯಾರರ ಹುದ್ದೆ ಕೊಡ್ತಾರೇನು? ನಮ್ಮ ಖಾತೇದವರು ಕೇಳ್ಯಾರ, ಜವಾಬು ಕೊಡಬೇಕು." ಇನ್ನು ಕೆಲವಕ್ಕೆ "ಮೇಲರ್ ಡೀಮನ್" ಎಂಬ ಸಹಿ, ಅದೂ ಯಂತ್ರದ್ದೇ. ಅವರು ಮೇಲಿನ ಅಧಿಕಾರಿ ಇರಬೇಕು, ಹೆಸರಿನಲ್ಲೇ ಮೇಲೆ ಇದೆಯಲ್ಲ ಎಂದು ಕಾಕಾ ಅವರಿಗೆ ಮಾತ್ರ "ಮಹಾಸ್ವಾಮಿ" ಎಂದು ಬರೆದರು.

ದಿನಕ್ಕೆ ನಲವತ್ತು ಜವಾಬು. "ನಾನು ಅಂಥವನಲ್ಲ. ನನ್ನ ಸೇವೆಯಲ್ಲಿ ಒಂದು ಕಾರ್ಡೂ ಕಳೆದಿಲ್ಲ." ಅವೂ ವಾಪಸ್ ಬರುತ್ತಿದ್ದವು. ಅವಕ್ಕೆ ಮತ್ತೆ ಜವಾಬು. ಯಾರು ಯಾರಿಗೆ ಬರೆಯುತ್ತಿದ್ದಾರೆಂದು ಒಂದು ಹಂತದಲ್ಲಿ ನನಗೇ ತಿಳಿಯದಾಯಿತು.

ಸಮಾಧಾನಕ್ಕೆಂದು ಟಪಾಲಿನ ಭಾಷೆಯಲ್ಲೇ ಹೇಳಿದೆ. "ಕಾಕಾ, ಲಕೋಟಿ ಮ್ಯಾಲೆ 'ಇಂದ' ಅಂತ ಯಾರ ಹೆಸರು ಬೇಕಾದ್ರೂ ಬರೀಬಹುದಲ್ರೀ? ಇದೂ ಹಂಗ. ಖರೇ ಎಲ್ಲಿಂದ ಬಂತು ಅನ್ನೋದು ಮೊಹರಿನ್ಯಾಗ ಅದ." ಎಂದು ಇಮೇಲಿನ ಒಳಗೆ ಅಡಗಿರುವ ಆ ಸಾಲುಗಳನ್ನು ತೆರೆದು ತೋರಿಸಿದೆ: ಯಾವ ಯಂತ್ರದಿಂದ ಹೊರಟಿತು, ಯಾವ ದಾರಿ ಹಿಡಿಯಿತು, ಅಲ್ಲಿನ ಗಡಿಯಾರದಲ್ಲಿ ಎಷ್ಟು ಹೊತ್ತು. ಕಾಕಾ ಕನ್ನಡಕ ಏರಿಸಿ ಒಂದು ತಾಸು ಓದಿದರು. "ಕಳ್ಳಗ ಗೊತ್ತಾತು, ನನಗ ಗೊತ್ತಾತು. ವಿಳಾಸದಾರರಿಗೆ ಹ್ಯಾಂಗ ಗೊತ್ತಾಗಬೇಕು?" ಅಂದರು.

ಅಲ್ಲಿಂದ ಕಾಕಾ ಸಂತೆಗೆ ಹೋಗುವುದು ಬಿಟ್ಟರು. ಕಟ್ಟೆಯ ಮೇಲೆ ಕೂಡುವುದು ಬಿಟ್ಟರು. ಊರಿನಲ್ಲಿ ಯಾರಿಗೂ ಗೊತ್ತಿಲ್ಲ ಕಾಕಾ ಎಂದರೆ, "ನನಗ ಗೊತ್ತದಲ್ಲ," ಎನ್ನುತ್ತಿದ್ದರು. ಒಂದು ರವಿವಾರ ಹೋದಾಗ ಕಾಕು ಒಂದು ಹಾಳೆ ತಂದು ನನ್ನ ಕೈಗಿಟ್ಟರು. ಸಂಘಕ್ಕೆ ರಾಜೀನಾಮೆ. "ಹೆಸರು ಕೆಟ್ಟವನು ಹಣ್ಣಿನ ಹೆಸರೂ ಕೆಡಿಸಬಾರದು" ಎಂದು ಬರೆದಿದ್ದರು. ನಗಬೇಕೆಂದುಕೊಂಡೆ, ಆಗಲಿಲ್ಲ. ಬರುವ ಗುರುವಾರ ಸಂಘದ ಸಭೆ.

ಕಲಬುರಗಿಗೆ ಬಂದವನೇ ಅಂಗಡಿಯ ಮೂರನೇ ಕಂಪ್ಯೂಟರಿನ ಮುಂದೆ ಕೂತು, ಆ ಕಳ್ಳ ಮಾಡಿದ್ದನ್ನೇ ನಾನೂ ಮಾಡಿದೆ. "ಇಂದ" ಎಂಬಲ್ಲಿ "ಪೋಸ್ಟ್‌ಮಾಸ್ಟರ್" ಎಂದು ಬರೆದು, ಪರದೇಶದ್ದೆನಿಸುವ ಒಂದು ವಿಳಾಸ ಅಂಟಿಸಿ, ಇಂಗ್ಲಿಷಿನಲ್ಲಿ ಪತ್ರ ಗೀಚಿದೆ. "ಮಾನ್ಯರೆ, ವಿಚಾರಣೆ ಮಾಡಿದೆವು. ನೀವು ನಿರ್ದೋಷಿ. ನಮ್ಮೆಲ್ಲ ಕಚೇರಿಗಳಿಗೂ ತಿಳಿಸಿದ್ದೇವೆ." ಇಷ್ಟಕ್ಕೆ ನಿಲ್ಲಿಸಬಾರದಿತ್ತೆ? ಅತಿಯಾಸೆ. "ಎಲ್ಲ ಹೆಸರಿನ ಟಪಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಿರಿ. ಅಣ್ಣನ ಮಗನ ಮಾತು ಕೇಳಿರಿ" ಎಂದೂ ಸೇರಿಸಿದೆ.

ಮರುದಿನ ಫೋನು. "ತಮ್ಮಾ, ಜವಾಬು ಬಂತು. ಆ ಎಲ್ಲಾ ಹೆಸರಿನ ಬಾಗಲಾ ಮುಚ್ಚಿಬಿಡು." ಧ್ವನಿ ಹಗುರಾಗಿತ್ತು. ಗುರುವಾರದ ಸಭೆಯಲ್ಲಿ ಕಾರ್ಯದರ್ಶಿಗಳು ಕಾರ್ಯದರ್ಶಿಗಳಾಗಿಯೇ ಉಳಿದರು. ನನ್ನ ಜಾಣತನಕ್ಕೆ ನಾನೇ ಬೀಗಿ ತಿರುಗಾಡಿದೆ.

ಆರು ತಿಂಗಳ ಮೇಲೆ ಸಂಘದ ಯಾವುದೋ ಕಾಗದಕ್ಕಾಗಿ ಕಾಕಾನ ಫೈಲು ತೆಗೆದಾಗ ಆ ಪತ್ರ ಸಿಕ್ಕಿತು. ಅಚ್ಚು ತೆಗೆಸಿ ಜೋಪಾನವಾಗಿ ಇಟ್ಟಿದ್ದರು. ಹಿಂದೆ ತಿರುಗಿಸಿದೆ. ಕೆಂಪು ಪೆನ್ಸಿಲಿನಲ್ಲಿ, ಕಚೇರಿಯ ಅಕ್ಷರದಲ್ಲಿ, ಪತ್ರ ಬಂದ ದಿನದ್ದೇ ತಾರೀಖು ಹಾಕಿ ಬರೆದಿತ್ತು: "ಮೊಹರು: ಕಲಬುರ್ಗಿ, ಸೂಪರ್ ಮಾರ್ಕೆಟ್, ಮೂರನೇ ನಂಬರ್ ಯಂತ್ರ. ಮುಟ್ಟಿತು."

ಮೊಹರು ಓದಲು ಕಲಿಸಿದವನು ನಾನೇ ಅಲ್ಲವೆ? ವಿಳಾಸದಾರರ ಗೊಡವೆ ಕಾಕಾ ಬಿಟ್ಟದ್ದು ಅವತ್ತು. ಅವರ ಹೆಸರಿಗಾಗಿ ಸುಳ್ಳು ಸಹಿ ಹಾಕುವವನೊಬ್ಬ ಇದ್ದಾನೆಂದು ತಿಳಿದದ್ದೇ ಅವರಿಗೆ ಸಾಕಾಗಿತ್ತು.

ಅಂಗಳದಲ್ಲಿ ಕಾಕಾ ನನಗೆ ಒಯ್ಯಲೆಂದು ಕೆಂಪು ಬಾಳೆಯ ಚಿಪ್ಪು ಬಿಡಿಸುತ್ತಿದ್ದರು. "ಕಾಕಾ, ಆ ಪತ್ರ..." ಎಂದೆ.

"ಯಾವ್ದು? ಪೋಸ್ಟ್‌ಮಾಸ್ತರಂದೇನು?" ಅವರು ತಲೆ ಎತ್ತಲಿಲ್ಲ. "ಇಂಗ್ಲಿಷ್ ಒಂದೀಟು ಕಚ್ಚಾ ಅದ ಅವಂದು. ಮನಶ್ಯಾ ಮಾತ್ರ ಛಲೋ."