ಚರಗಿ ನೀರಿನ ಪರೀಕ್ಷೆ

ನಮ್ಮ ಮಾಮನನ್ನು ಯಾರ ಮನೆಗೂ ಕರೆದುಕೊಂಡು ಹೋಗುವ ಹಾಗಿಲ್ಲ. ಕುಡಿಯುತ್ತಾನೆ, ಜಗಳ ತೆಗೆಯುತ್ತಾನೆ ಅಂದುಕೊಂಡಿರಾ? ಛೇ, ಬಡಪಾಯಿ ಚಹಾ ಕೂಡ ದಿನಕ್ಕೆ ಎರಡೇ ಸಲ ಕುಡಿಯುವವನು. ಅವನು ಮಾಡುವುದು ಬೇರೆ ಕೆಲಸ. ನೀರು ಚೆಲ್ಲುತ್ತಾನೆ!

ನಮ್ಮ ಕಡೆ ಮನೆಗೆ ಬಂದವರ ಕೈಗೆ ಮೊದಲು ಒಂದು ಚರಗಿ ನೀರು ಕೊಡುತ್ತಾರೆ, ಕಾಲು ತೊಳೆದುಕೊಂಡು ಒಳಗೆ ಬರಲಿ ಎಂದು. ಮಾಮ ಆ ಚರಗಿ ಹಿಡಿದು ಸೀದಾ ನಡುಮನೆಗೆ ನಡೆದು, ನೆಲಕ್ಕೆ ಸುರಿದು, ಕುಕ್ಕರುಗಾಲಲ್ಲಿ ಕುಳಿತು ನೋಡುತ್ತಾನೆ. ನೀರು ಬಾಗಿಲ ಕಡೆಗೋ ಮೋರಿಯ ಕಡೆಗೋ ಹರಿದರೆ ಆ ಮನೆಯವರು ಮರ್ಯಾದಸ್ಥರು. ನಿಂತರೆ ಮುಗಿಯಿತು! ಶಹಾಬಾದಿನಲ್ಲಿ ಹರೆಯದಿಂದಲೂ ಫರಸಿ ಕಲ್ಲು ಹಾಸುತ್ತ ಬಂದ ಗೌಂಡಿ ಅವನು. ಹಾಸಿದ ನೆಲದ ಮೇಲೆ ನೀರು ನಿಲ್ಲಬಾರದು ಎನ್ನುವುದೇ ಅವನ ಧರ್ಮ, ಅವನ ಚಿಂತೆ, ಅವನ ರಕ್ತದೊತ್ತಡ.

ಚಿತ್ತಾಪುರಕ್ಕೆ ನಮ್ಮಕ್ಕನ ವರನ ಮನೆ ನೋಡಲು ಹೋದಾಗ ಅಪ್ಪ ಬಸ್ಸಿನಲ್ಲೇ ಕೈ ಮುಗಿದು ಕೇಳಿಕೊಂಡಿದ್ದ, ಇವತ್ತೊಂದು ದಿನ ಸುಮ್ಮನಿರು ಎಂದು. ಮಾಮ ತಲೆಯಾಡಿಸಿದ. ಚರಗಿ ಕೈಗೆ ಬಂದ ಕೂಡಲೇ ಮರೆತ. ನೀರು ಮೋರಿಯನ್ನು ಬಿಟ್ಟು ಸೋಫಾದ ಕೆಳಗೆ ನುಗ್ಗಿ ವರನ ತಂದೆಯ ಧೋತರದ ಅಂಚು ತೋಯಿಸಿತು.

“ಬೀಗರ, ಹುಡುಗ ಭಾಳ ಛಲೋ ಇದ್ದಾನ್ರಿ. ನೆಲ ಮಾತ್ರ ಖರಾಬ್ ಅದ,” ಅಂದ ಮಾಮ.

“ನಾವು ಹುಡುಗನ್ನ ತೋರ್ಸಲಿಕತ್ತೀವ್ರಿ, ನೆಲ ಅಲ್ಲ!”

“ನಮ್ಮ ಹುಡುಗಿ ನಿಮ್ಮ ಹುಡುಗನ ಮ್ಯಾಲ ನಡ್ಯಾಂಗಿಲ್ಲರಿ, ಈ ನೆಲದ ಮ್ಯಾಲೇ ನಡೀಬೇಕು!”

ಮದುವೆ ಹೇಗೋ ಆಯಿತು. ಆದರೆ ಮದುವೆಗೆ ಎಂಟು ದಿನ ಮುಂಚೆ ಮಾಮ ತಾನೇ ಗಾರೆಯ ಬಾಂಡಲಿ ಹೊತ್ತುಕೊಂಡು ಹೋಗಿ ಬೀಗರ ನಡುಮನೆ ಕಿತ್ತು ಹೊಸದಾಗಿ ಹಾಸಿ ಬಂದ. ಹೆಣ್ಣಿನ ಕಡೆಯವರು ಹೀಗೂ ಮಾಡುತ್ತಾರೆಯೇ ಎಂದು ಆ ಓಣಿಯವರೆಲ್ಲ ಬಂದು ನೋಡಿದರಂತೆ!

ಇಂಥವನ ಸೋದರ ಸೊಸೆಯಾದ ನಾನು ಆರ್ಕಿಟೆಕ್ಚರ್ ಓದಿದ್ದರಲ್ಲಿ ಆಶ್ಚರ್ಯವೇನು? ಮುಂದಿನ ಓದಿಗೆ ಜರ್ಮನಿಯಲ್ಲಿ ಸೀಟು ಸಿಕ್ಕಿತು. ಮನೆಯಲ್ಲಿ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಅವ್ವನಿಗೆ ನನ್ನ ಊಟದ ಹೆದರಿಕೆ. ಅಪ್ಪನಿಗೆ ವೀಸಾದ ಹೆದರಿಕೆ. ನನಗೆ ಎಲ್ಲದರ ಹೆದರಿಕೆ. ಮಾಮ ವಾಡಿ ಸ್ಟೇಷನ್ನಿನವರೆಗೂ ಒಂದೇ ಪ್ರಶ್ನೆ ಕೇಳುತ್ತ ಬಂದ.

“ಅಲ್ಲಿ ಬಚ್ಚಲದ ನೀರು ಎಲ್ಲಿಗಿ ಹೋಗ್ತದ?”

“ನನಗೇನ್ ಗೊತ್ತು ಮಾಮಾ?”

“ಗೊತ್ತಿಲ್ದೇ ಹೊಂಟೀಯೇನು?”

ರೈಲು ಹೊರಡುವಾಗ ಕಿಟಕಿಯಿಂದ ಅಂಗೈಯಗಲದ ಫರಸಿ ತುಂಡೊಂದನ್ನು ನನ್ನ ಕೈಗೆ ತುರುಕಿದ, ಅಲ್ಲಿನ ಮಾಸ್ತರರಿಗೆ ತೋರಿಸು ಎಂದು. ವಿಮಾನ ನಿಲ್ದಾಣದಲ್ಲಿ ಆ ಕಲ್ಲಿನ ದೆಸೆಯಿಂದ ನನ್ನ ಚೀಲ ಮೂರು ಸಲ ಬಿಚ್ಚಿಸಿದರು. ಇದೇನು ಅಂದರು. ಕಲ್ಲು ಅಂದೆ. ಯಾಕೆ ಅಂದರು. ಮಾಸ್ತರರಿಗೆ ತೋರಿಸಲು ಅಂದೆ.

ಹಾಸ್ಟೆಲ್ಲು ಸೇರಿದ ಮೊದಲ ಸೋಮವಾರವೇ ಮಾಮನ ವಿಡಿಯೋ ಕಾಲ್ ಬಂತು. “ಬಚ್ಚಲ ತೋರ್ಸು. ಒಂದು ಚರಗಿ ಸುರುವು, ನೋಡಮು.” ಸೋಮವಾರವೆಂದರೆ ನಮ್ಮ ಮನೆಯಲ್ಲಿ ನೆಲ ತೊಳೆಯುವ ದಿನ. ಹೇಗೂ ತೊಳೆಯುವುದಿದೆ, ಚರಗಿ ಏನು ಬಂತು ಎಂದು ನಾನು ಇಡೀ ಬಕೀಟೇ ಸುರಿದೆ. ನೀರು ಅತ್ತ ನೋಡಿತು, ಇತ್ತ ನೋಡಿತು. ಹೋಗಲು ದಾರಿಯೇ ಇಲ್ಲ! ಅಲ್ಲಿ ಗಾಜಿನ ಗೂಡಿನೊಳಗೆ ನಿಂತು ಸ್ನಾನ ಮಾಡಬೇಕು; ನೀರು ಹೋಗುವ ತೂತು ಅದರೊಳಗೆ ಮಾತ್ರ. ಹೊರಗಿನ ನೆಲಕ್ಕೆ ಮೋರಿಯೇ ಇಲ್ಲವೆಂದು ನನಗೆ ಯಾರು ಹೇಳಿದ್ದರು? ನಾನು ಟವೆಲು ಹುಡುಕುವಷ್ಟರಲ್ಲಿ ಕೆಳಗಿನ ಕೋಣೆಯ ಹುಡುಗಿ ಒದ್ದೆ ತಲೆಯಲ್ಲಿ ಬಾಗಿಲು ಬಡಿಯುತ್ತಿದ್ದಳು.

ಫೋನಿನಲ್ಲಿ ಮಾಮ ಕೂಗಿಕೊಳ್ಳುತ್ತಿದ್ದ: “ಮೋರಿನೇ ಇಲ್ಲ? ಮೋರಿ ಇಲ್ದೇ ಹ್ಯಾಂಗ ಮನಿ ಕಟ್ತಾರ?”

ವಾರ್ಡನ್ ಕರೆಸಿದರು. ಕೋಣೆ ಖಾಲಿ ಮಾಡಿಸಿಬಿಡುತ್ತಾರೆ ಎಂದು ಹೆದರಿ ನಾನು ಕ್ಷಮೆ ಕೇಳುತ್ತಿದ್ದರೆ ಮಾಮನದು ಒಂದೇ ಹಟ, ಆ ಸಾಹೇಬರಿಗೆ ಫೋನ್ ಕೊಡು ಎಂದು. ಕೊಟ್ಟೆ. “ಸಾಬ್, ಗಲತಿ ಲಡ್ಕಿ ಕೀ ನಹೀ, ಫರಸಿ ಕೀ ಹೈ!” ಎಂದು, ತಪ್ಪು ಹುಡುಗಿಯದಲ್ಲ ನೆಲದ್ದು ಎಂದು, ಶುರು ಮಾಡಿ ನಮ್ಮ ಕಡೆಯ ಹಿಂದಿಯಲ್ಲಿ ಹತ್ತು ನಿಮಿಷ ಇಳಿಜಾರಿನ ಪಾಠ ಹೇಳಿದ. ವಾರ್ಡನ್ ಒಂದಕ್ಷರ ತಿಳಿಯದೆ ತಲೆಯಾಡಿಸಿ, ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ತಾನೇ ಬಿಡಿಸಿದ್ದು ಎಂದು ಮಾಮ ಶಹಾಬಾದಿನ ತುಂಬ ಹೇಳಿಕೊಂಡು ತಿರುಗಿದ.

ನಿಜವಾದ ಗಂಡಾಂತರ ಬಂದದ್ದು ಆಮೇಲೆ. ನಮ್ಮ ಓದಿನಲ್ಲಿ ಪರೀಕ್ಷೆಯೆಂದರೆ ಜ್ಯೂರಿ. ನಾವು ಮಾಡಿದ ಮಾದರಿಯನ್ನು ಮುಂದಿಟ್ಟುಕೊಂಡು ನಿಲ್ಲುವುದು, ನಾಲ್ಕೈದು ಪ್ರಾಧ್ಯಾಪಕರು ಸುತ್ತ ನಿಂತು ತಪ್ಪು ಹುಡುಕುವುದು. ನನ್ನ ಮೊದಲ ಜ್ಯೂರಿಗೆ ಗಾಜಿನ ದೊಡ್ಡ ಕಟ್ಟಡ ಮಾಡಿದ್ದೆ. ಇದರಲ್ಲಿ ನೀನು ಎಲ್ಲಿದ್ದೀ ಎಂದು ಕೇಳಿದರು. ಫೇಲಾದೆ. ಇನ್ನೊಂದೇ ಅವಕಾಶ, ಅದೂ ಹೋದರೆ ಸೀಟು ಹೋಯಿತು, ಸೀಟಿನ ಜೊತೆ ವೀಸಾ ಹೋಯಿತು. ಮನೆಯಲ್ಲಿ ಯಾರಿಗೂ ಹೇಳದೆ ಮಾಮನೊಬ್ಬನಿಗೆ ಹೇಳಿದೆ.

“ನಿನಗ ಏನ್ ಬರ್ತದ, ಅದನ್ನ ಮಾಡು,” ಅಂದ.

ನನಗೆ ಬರುವುದೇನು? ನೀರು ಸುರಿದು ನೋಡುವುದು! ಹತ್ತು ಮನೆಗಳಿಗೆ ಸೇರಿದ ಒಂದು ಅಂಗಳ ಮಾಡಿದೆ. ಮಳೆ ಬಿದ್ದರೆ ನಾಲ್ಕೂ ಕಡೆಯಿಂದ ನೀರು ಹರಿದು ನಡುವಿನ ಕಾಲುವೆ ಸೇರುವ ಕಲ್ಲುಹಾಸಿನ ಅಂಗಳ. ನಕ್ಷೆ ಕಳಿಸು ಎಂದ, ಕಳಿಸಿದೆ. ದಿನಕ್ಕೆ ನಾಲ್ಕು ಸಲ ಫೋನು. ಗೌಂಡಿ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು; ಅಲ್ಲಿ ಒಂದು ನೂಲು ಎತ್ತು, ಇಲ್ಲಿ ಅರ್ಧ ನೂಲು ಇಳಿಸು, ಆ ಕಲ್ಲು ಯಾವ ಗೌಂಡಿ ಹಾಸ್ತಾನ? ಮಾದರಿ ಮುಗಿಯುವ ಹೊತ್ತಿಗೆ ಅವನ ಬೈಗುಳವೆಲ್ಲ ನನಗೆ ಬಾಯಿಪಾಠವಾಗಿತ್ತು.

ಜ್ಯೂರಿಯ ಹಿಂದಿನ ದಿನ ಮಾತ್ರ ಫೋನು ಬರಲಿಲ್ಲ. ನಾನೇ ಮಾಡಿದೆ.

“ಛಲೋ ಆಗ್ಯಾದ ಯವ್ವಾ. ಫಿಕರ್ ಮಾಡಬ್ಯಾಡ, ಹೋಗಿ ಬಾ,” ಅಂದ.

ಜನ್ಮದಲ್ಲಿ ಯಾವ ನೆಲಕ್ಕಾದರೂ ಛಲೋ ಅಂದವನೇ ಇವನು? ಮಾಮನಿಗೆ ಮೈ ಸರಿಯಿಲ್ಲವೇನೋ ಎಂಬ ಹೊಸ ಚಿಂತೆ ಹಚ್ಚಿಕೊಂಡು ಜ್ಯೂರಿಗೆ ನಿಂತೆ. ಪ್ರಾಧ್ಯಾಪಕರು ಮಾತಾಡುವ ಮೊದಲೇ ಜಗ್ಗಿನಿಂದ ಮಾದರಿಯ ಮೇಲೆ ನೀರು ಸುರಿದುಬಿಟ್ಟೆ. ಎಲ್ಲರೂ ಬಗ್ಗಿ ನೋಡಿದರು. ನೀರು ಮೂರು ಕಡೆಯಿಂದ ಸರಸರನೆ ಕಾಲುವೆಗೆ ಇಳಿಯಿತು. ಎಡಮೂಲೆಯಲ್ಲಿ ಮಾತ್ರ ಒಂದು ಚಮಚದಷ್ಟು ನಿಂತಿತು. ಆದರೂ ಪಾಸು ಮಾಡಿದರು. ಎಡಮೂಲೆಯ ಇಳಿಜಾರು ಸಾಲದು ಎಂದು ಹಾಳೆಯ ಕೆಳಗೆ ಒಂದು ಸಾಲು ಬರೆದರು.

ವಿಡಿಯೋ ಕಾಲ್ ಮಾಡಿದೆ. ಮಾಮನ ಮುಖ ಬೆವೆತಿತ್ತು.

“ಪಾಸ್ ಮಾಮಾ!”

“ನೀರು?”

“ಎಲ್ಲಾ ಹೋಯ್ತು. ಒಂದ್ ಹನಿ ನಿಂದರಲಿಲ್ಲ.” ಹೀಗೆ ಅವನಿಗೆ ಸುಳ್ಳು ಹೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಅತ್ತಿ ಫೋನು ಕಸಿದುಕೊಂಡಳು. “ಎಂಟು ದಿನದಿಂದ ನಿಮ್ಮ ಮಾಮ ಕೆಲಸಕ್ಕ ಹೋಗಿಲ್ಲವ್ವಾ. ಏನ್ ಮಾಡ್ಯಾರ ನೋಡು!” ಎಂದು ಹಿತ್ತಲಿನ ಕಡೆ ತಿರುಗಿಸಿದಳು. ನನ್ನ ಅಂಗಳ ಅಲ್ಲಿತ್ತು! ಹಿತ್ತಲಿನ ಅಳತೆಗೆ ಇಳಿಸಿ, ಅದೇ ನಾಲ್ಕು ಇಳಿಜಾರು, ಅದೇ ಕಾಲುವೆ, ಖರೇ ಫರಸಿಯಲ್ಲಿ ಹಾಸಿತ್ತು. ಆಗಷ್ಟೇ ನೀರು ಸುರಿದಿದ್ದರು. ಮಾಮ ಹೋಗಿ ಎಡಮೂಲೆಯಲ್ಲಿ ನಿಂತುಕೊಂಡ.

“ಸ್ವಲ್ಪ ಸರಿ ಮಾಮಾ, ಆ ಮೂಲಿ ನೋಡ್ತೀನಿ.”

“ಏನದ ನೋಡೋದು? ನಿನ್ನೆನೇ ನೋಡೀನಿ. ಎಲ್ಲಾ ಹೋಗ್ತದ.”

ಅವನ ಚಪ್ಪಲಿಯ ಸುತ್ತ ನೀರು ಹೊಳೆಯುತ್ತಿತ್ತು. ಬೀಗರ ಮುಖಕ್ಕೇ ನೆಲ ಖರಾಬ್ ಎಂದ ಮನುಷ್ಯ, ಜ್ಯೂರಿಗೆ ಮೊದಲು ನಾನು ಅಂಜಿಕೊಂಡೇನು ಎಂದು ನಿನ್ನೆ ಛಲೋ ಅಂದು, ಈಗ ನನ್ನ ತಪ್ಪಿನ ಮೇಲೆ ಎರಡೂ ಕಾಲಿಟ್ಟು ಮುಚ್ಚಿಕೊಂಡು ನಿಂತಿದ್ದ. ನನಗೆ ಅಳು ತಡೆಯಲಾಗಲಿಲ್ಲ.

“ಯಾಕ ಯವ್ವಾ, ಪಾಸ್ ಆದ್ಯಲ್ಲ?”

“ಹೂಂ ಮಾಮಾ. ಕಾಲು ತೊಯ್ದಾವ ನೋಡು, ಸರದು ನಿಂದ್ರು.”

ಮಾಮ ಒಮ್ಮೆ ಕೆಳಗೆ ನೋಡಿಕೊಂಡ. ಸರಿಯಲಿಲ್ಲ.