ಕೆಸರಪ್ಪ ಕಟ್ಟಿದ ಗೋಡೆಗಳು

ಇಷ್ಟಕ್ಕೆಲ್ಲ ಕಾರಣ, ಕಲರ್ ಪ್ರಿಂಟರು ಲೆಕ್ಕದ ವಿಭಾಗದಲ್ಲಿ ಇದ್ದದ್ದು.

ಗಣಿಯಲ್ಲಿ ಅದಿರು ತೊಳೆದು ಉಳಿದ ಕೆಸರನ್ನು ಗುಡ್ಡದ ಮೇಲೆ ಮಣ್ಣಿನ ಕಟ್ಟೆ ಹಾಕಿ ನಿಲ್ಲಿಸಿದ್ದರು. ಆ ಕಟ್ಟೆ ಒಡೆದರೆ ಕೆಸರು ಯಾವ ಕಡೆ ನುಗ್ಗೀತು ಎಂದು ಕಂಪ್ಯೂಟರಿನಲ್ಲಿ ಮಾಡಿ ನೋಡುವುದು ಇಂಜಿನಿಯರನ ಕೆಲಸ. ಆಫೀಸಿನವರು ಅವನಿಗೆ ಕೆಸರಪ್ಪ ಎಂದು ಹೆಸರಿಟ್ಟಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಆ ಬೆಳಿಗ್ಗೆ ಅವನು ಪ್ರಿಂಟಿಗೆ ಕೊಟ್ಟ ಚಿತ್ರ ಅವನಿಗಿಂತ ಮೊದಲು ಲೆಕ್ಕದವರ ಕೈ ಸೇರಿತು. ಅದರಲ್ಲಿ ಕಂದು ಕೆಸರು ಗುಡ್ಡದ ಕೆಳಗಿನ ಗಣಿ ಕಾಲೊನಿಯ ಮನೆಗಳನ್ನೆಲ್ಲ ನುಂಗಿ ಹಳ್ಳಕ್ಕೆ ಇಳಿದಿತ್ತು. ಮೂಲೆಯ ಒಂದು ಮನೆಯನ್ನು ಮಾತ್ರ ಮುಟ್ಟಿರಲಿಲ್ಲ. ಅದು ಕೆಸರಪ್ಪನದು. ವರ್ಷಗಟ್ಟಲೆ ಬಾಡಿಗೆ ಮನೆ ಸುತ್ತಿ ಸಾಕಾಗಿ, ಹೋದ ತಿಂಗಳಷ್ಟೇ ಕೊಂಡದ್ದು, ಬಾಗಿಲಿನ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು.

"ನಿಮ್ಮನೆ ಒಂದು ಬಿಟ್ಟು ಊರೆಲ್ಲ ಮುಳುಗಿಸಿದೀರಲ್ಲ!" ಎಂದರು ಲೆಕ್ಕದವರು.

"ಅಯ್ಯೋ, ಕಟ್ಟೆ ಗಟ್ಟಿಯಾಗಿದೆ ಸಾರ್, ಒಡೆಯಲ್ಲ. ಒಡೆದ್ರೆ ಅಂತ ಲೆಕ್ಕ, ಅಷ್ಟೆ."

"ಲೆಕ್ಕ ತಾನೆ? ನಮ್ಮನೆ ಮುಂದೆ ಒಂದು ಗೋಡೆ ಹಾಕಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಯಾರಿಗೂ ಇಲ್ಲ ಎಂದು ಹೇಳಿ ಕೆಸರಪ್ಪನಿಗೆ ಅಭ್ಯಾಸವಿರಲಿಲ್ಲ. ಚಿತ್ರದಲ್ಲಿ ಒಂದು ಮಣ್ಣಿನ ಗೋಡೆ ಎಳೆದ. ಕೆಸರು ಲೆಕ್ಕದವರ ಮನೆಯನ್ನು ಬಿಟ್ಟು ಪಕ್ಕದ ಡಾಕ್ಟರ ಮನೆಗೆ ಎರಡರಷ್ಟಾಗಿ ನುಗ್ಗಿತು.

ಸುದ್ದಿ ತಿಳಿದು ಡಾಕ್ಟರು ಬಂದರು. "ಕಟ್ಟೆ ಒಡೆಯಲ್ಲ ಡಾಕ್ಟ್ರೇ" ಎಂದ ಕೆಸರಪ್ಪ. "ಇರಬಹುದು. ಆದ್ರೆ ನಿಮ್ಮ ಬೆನ್ನುನೋವಿಗೆ ಮುಂದೆಯೂ ನಾನೇ ಔಷಧಿ ಕೊಡಬೇಕಲ್ವಾ?" ಎಂದರು. ಅಲ್ಲೂ ಗೋಡೆ ಎದ್ದಿತು. ಕೆಸರು ಮ್ಯಾನೇಜರ ಅತ್ತೆಯ ಅಡುಗೆಮನೆ ಹೊಕ್ಕಿತು. ಅತ್ತೆಯಮ್ಮ ಫೋನಿನಲ್ಲೇ ಗೋಡೆ ಹಾಕಿಸಿಕೊಂಡರು. ಆಮೇಲೆ ಬಂದವರಿಗೆ ಅವನು ಕಟ್ಟೆಯ ಗಟ್ಟಿತನದ ಮಾತು ಒಪ್ಪಿಸುತ್ತಲೇ ಗೋಡೆ ಎಳೆಯುತ್ತ ಹೋದ.

ಸಂಜೆ ಹೊತ್ತಿಗೆ ಕಾಲೊನಿ ಕೋಟೆಯಾಗಿತ್ತು. ಕಂಪ್ಯೂಟರಿನಲ್ಲಿ ಕೆಸರನ್ನು ಕೊನೆಯ ಸಲ ಓಡಿಸಿ ನೋಡಿದ. ಎಲ್ಲೂ ಸೀಟು ಸಿಗದ ಪ್ರಯಾಣಿಕನಂತೆ ಕೆಸರು ಮನೆಮನೆಯನ್ನೂ ದಾಟಿ ಬಂದು, ಮೂಲೆಯ ಮನೆಗೆ ನೆಟ್ಟಗೆ ನುಗ್ಗಿ ಸೂರಿನವರೆಗೂ ನಿಂತಿತು. ಕೆಸರಪ್ಪ ತನಗೂ ಒಂದು ಗೋಡೆ ಎಳೆಯೋಣವೆಂದು ಕೈ ಚಾಚುವಷ್ಟರಲ್ಲಿ ಮ್ಯಾನೇಜರು ಕಂಟ್ರಾಕ್ಟರನ ಜೊತೆ ಒಳಗೆ ಬಂದರು.

"ಭೇಷ್! ಬೆಳಿಗ್ಗೆ ಇಡೀ ಕಾಲೊನಿ ಮುಳುಗಿತ್ತು, ಈಗ ಒಂದೇ ಮನೆ. ಈ ಗೋಡೆಗಳನ್ನ ನಾಳೆಯಿಂದ್ಲೇ ನಿಜವಾಗಿ ಕಟ್ಟಿಸಿಬಿಡೋಣ. ಅಂದಹಾಗೆ ಇದು ಯಾರ ಮನೆ?"

"ನಮ್ಮದೇ ಸಾರ್."

"ಒಳ್ಳೇದಾಯ್ತು. ಹಾಗಾದ್ರೆ ತಕರಾರು ಮಾಡೋರು ಯಾರೂ ಇಲ್ಲ."

"ಸಾರ್, ಬೆಳಿಗ್ಗೆ ನಮ್ಮನೆಗೆ ಒಂದು ತೊಟ್ಟೂ ಬಂದಿರಲಿಲ್ಲ..."

"ಯಾಕ್ರೀ ಹೆದರ್ತೀರಿ? ಕಟ್ಟೆ ಒಡೆಯಲ್ಲ ಅಂತ ಎಲ್ಲರಿಗೂ ಹೇಳ್ತಾ ಇರೋರು ನೀವೇ ಅಲ್ವಾ?"

ಇಡೀ ದಿನದಲ್ಲಿ ಅವನ ಮಾತು ನಂಬಿದವರು ಇವರೊಬ್ಬರೇ. ಕೆಸರಪ್ಪನಿಗೆ ಹೋದ ಜೀವ ಬಂದಂತಾಯಿತು. ಹೌದಲ್ಲ, ಕಟ್ಟೆ ಒಡೆದರೆ ತಾನೆ! ಹೆಂಡತಿಗೂ ಇದನ್ನೇ ಹೇಳಿದರಾಯಿತು ಎಂದುಕೊಂಡ.

ಕಂಟ್ರಾಕ್ಟರ ಚಿತ್ರ ನೋಡುತ್ತ ತಲೆ ಕೆರೆದುಕೊಂಡ. "ಇಷ್ಟೊಂದು ಗೋಡೆಗೆ ಮಣ್ಣು ಎಲ್ಲಿಂದ ತರೋದು ಸಾರ್?"

"ದೂರದಿಂದ ಯಾಕೆ ಹೊರ್ತೀರಿ?" ಎಂದರು ಮ್ಯಾನೇಜರು. "ಮೇಲೆ ಕಟ್ಟೆ ಇದೆಯಲ್ಲ, ಅದರ ಬುಡದಲ್ಲೇ ಅಗೆದುಕೊಳ್ಳಿ. ಒಳ್ಳೇ ಗಟ್ಟಿ ಮಣ್ಣು, ಬೇಕಾದ್ರೆ ಇವರನ್ನೇ ಕೇಳಿ."