ಫೋಟೋದಲ್ಲಿ ನಾಲ್ಕನೆಯವಳು

ದುರುಗಮ್ಮ ಗಂಡನ ಮನೆಗೆ ತಿರುಗಿ ಹೋದಳು ಎಂದು ನಮ್ಮ ಓಣಿಯವರು ಹೇಳುತ್ತಾರೆ. ಅವಳು ಹೋಗಲಿಲ್ಲ. ನಾವು ಕಳಿಸಿಕೊಟ್ಟೆವು. ನಾವು ಎಂದರೆ ಅದರಲ್ಲಿ ಮುಕ್ಕಾಲು ಪಾಲು ನಾನು. ನನ್ನ ಸೊಸೆ ಸುಜಾತಾ ಇದನ್ನು ವೆಬ್‌ಸೈಟಿನ ತಪ್ಪು ಎನ್ನುತ್ತಾಳೆ, ನಮ್ಮ ಜೊತೆ ಕೆಲಸ ಮಾಡುವ ಮಾಬೂಬಿ ಮೊಬೈಲಿನ ತಪ್ಪು ಎನ್ನುತ್ತಾಳೆ. ಮನುಷ್ಯರು ಮಾಡಿದ್ದನ್ನು ಸಾಮಾನಿನ ಮೇಲೆ ಹಾಕುವುದು ಹಳೆಯ ರೂಢಿ. ನನ್ನ ಅತ್ತೆ ಮಜ್ಜಿಗೆ ಚೆಲ್ಲಿದರೆ ಗಡಿಗೆಯನ್ನು ಬೈಯುತ್ತಿದ್ದಳು, ನನ್ನ ಗಂಡ ಎಡವಿದರೆ ಹೊಸ್ತಿಲನ್ನು ಬೈಯುತ್ತಿದ್ದ. ಅವರಿಬ್ಬರ ಜೊತೆ ಬಾಳಿ ನಾನು ಕಲಿತದ್ದು ಇಷ್ಟೇ: ಗಡಿಗೆ, ಹೊಸ್ತಿಲು ತಿರುಗಿ ಮಾತಾಡುವುದಿಲ್ಲ, ಅದಕ್ಕೇ ಅವು ತಪ್ಪು ಹೊರಲು ಬಹಳ ಅನುಕೂಲ.

ಸಿಂಧನೂರಿನಲ್ಲಿ ನಮ್ಮದು ಕೌದಿ ಹೊಲಿಯುವ ಕೆಲಸ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಕೈಹೊಲಿಗೆ ಹಾಕುತ್ತ ಬಂದರೆ ಕೌದಿ. ನನ್ನ ಕಾಲಕ್ಕೆ ಅದು ಬಡವರ ಹೊದಿಕೆ. ಈಗ ದೊಡ್ಡ ಊರಿನವರು ಅದನ್ನು ಕೊಂಡು ಗೋಡೆಗೆ ನೇತುಹಾಕುತ್ತಾರಂತೆ. ಚಳಿಗೆ ಏನು ಹೊದೆಯುತ್ತಾರೋ ನನಗೆ ತಿಳಿಯದು. ಕೌದಿ ಮುಗಿಸುವಾಗ ಅದರ ಹೊಟ್ಟೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ನಮ್ಮ ಹಿರಿಯರ ಪದ್ಧತಿ, ಹಸಿದ ಕೌದಿ ಹೊದ್ದವರಿಗೆ ಒಳ್ಳೆಯದಲ್ಲ ಎಂದು. ಇರುವೆ ಬಂದವು ಎಂದು ಒಬ್ಬ ಗಿರಾಕಿ ದೂರು ಬರೆದ ಮೇಲೆ ಸುಜಾತಾ ಅದನ್ನು ನಿಲ್ಲಿಸಿದಳು. ಈಗ ನಮ್ಮ ಕೌದಿಗಳು ಉಪವಾಸವೇ ಊರು ಬಿಡುತ್ತವೆ. ವ್ಯಾಪಾರ ಬೆಳೆಸಿದವಳು ಸುಜಾತಾ. ಹಿತ್ತಲಿನಲ್ಲಿ ತಗಡಿನ ಶೆಡ್ಡು ಹಾಕಿಸಿದಳು, ಪಕ್ಕದ ಓಣಿಯ ಮಾಬೂಬಿಯನ್ನು ಕರೆದಳು. ಮಾಬೂಬಿಗೂ ನನಗೂ ನಲವತ್ತು ವರ್ಷದ ಪರಿಚಯ, ಅದರಲ್ಲಿ ಒಂದಿಪ್ಪತ್ತು ವರ್ಷ ಮಾತು ಬಿಟ್ಟಿದ್ದೆವು.

ದುರುಗಮ್ಮ ಬಂದು ಎಂಟು ತಿಂಗಳಾಗಿತ್ತು. ಗಂಡನ ಊರು ಗುರುಗುಂಟಾ ಕಡೆಯ ಒಂದು ಹಳ್ಳಿ. ಬಂದಾಗ ಅವಳ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಏನಾಯಿತು ಎಂದು ನಾನು ಕೇಳಲಿಲ್ಲ, ಈ ಬೆರಳಿನಿಂದ ಬಟ್ಟೆ ಹಿಡಿಯಲು ಬರುತ್ತದೆಯೇ ಎಂದಷ್ಟೇ ಕೇಳಿದೆ. ಬರುತ್ತದೆ ಎಂದಳು, ಬಂತು. ಒಂದು ದಿನ ಹಳೆಯ ಸೀರೆಗಳನ್ನು ಜಾಲಿಸುತ್ತ ತಾನೇ ಹೇಳಿದಳು: “ನನ್ನ ಗಂಡ ಕುಡಿಯಂಗಿಲ್ರೀ ಯವ್ವಾ. ಕುಡದು ಹೊಡದ್ರ ಮುಂಜಾನಿಗೆರ ಮರೀತಿದ್ದ. ಇವ ಎಲ್ಲಾ ನೆನಪಿಟ್ಟಿರ್ತಾನ.” ತಾನು ಇಲ್ಲಿರುವುದು ಯಾರಿಗೂ ತಿಳಿಯಬಾರದು ಎಂಬುದೊಂದೇ ಅವಳ ಕರಾರು. ಆಗಲಿ ಎಂದೆವು. ಶೆಡ್ಡಿನಲ್ಲೇ ಸೀರೆಗಳ ರಾಶಿಯ ಪಕ್ಕ ಮಲಗುತ್ತಿದ್ದಳು.

ಇಂಥದರಲ್ಲಿ ಸುಜಾತಾ ವೆಬ್‌ಸೈಟ್ ಮಾಡಲು ಕೂತಳು. ಕೌದಿಗಳ ಚಿತ್ರ, ಅಳತೆ, ಬೆಲೆ ಎಲ್ಲ ಮುಗಿದ ಮೇಲೆ ‘ನಮ್ಮ ಬಳಗ’ ಎಂಬ ಒಂದು ಪುಟ ಉಳಿಯಿತು. ಹೊಲಿಯುವವರ ಮುಖ ಕಂಡರೆ ಗಿರಾಕಿಗೆ ನಂಬಿಕೆ ಬರುತ್ತದಂತೆ. ನನ್ನ ಅನುಭವದಲ್ಲಿ ಮುಖ ನೋಡಿ ನಂಬಿದವರೇ ಹೆಚ್ಚು ಕೆಟ್ಟದ್ದು, ಆದರೆ ನನ್ನನ್ನು ಯಾರು ಕೇಳುತ್ತಾರೆ. ಪ್ರತಿಯೊಬ್ಬರ ಹೆಸರು, ಹುದ್ದೆ, ಅನುಭವ, ಹವ್ಯಾಸ ಬೇಕಿತ್ತು. ಸುಜಾತಾ ಮೊಬೈಲು ಹಿಡಿದು ಮಾಬೂಬಿಯಿಂದ ಶುರು ಮಾಡಿದಳು.

“ಹವ್ಯಾಸ ಅಂದ್ರೇನವಾ?”

“ಕೆಲಸ ಇಲ್ಲದಾಗ ಏನ್ ಮಾಡ್ತೀರಿ, ಅದು.”

“ಕೆಲಸ ಇಲ್ಲದಾಗ ಅಂದ್ರ ಯಾವಾಗ?” ಎಂದಳು ಮಾಬೂಬಿ. ಸ್ವಲ್ಪ ಯೋಚಿಸಿ, “ಮೊಣಕಾಲಿಗೆ ಎಣ್ಣಿ ತಿಕ್ಕೊಂತೀನಿ” ಎಂದಳು. ಸುಜಾತಾ ‘ಆರೋಗ್ಯದ ಕಾಳಜಿ’ ಎಂದು ಬರೆದಳು.

ನನ್ನ ಹುದ್ದೆ ‘ಸಂಸ್ಥಾಪಕಿ’ ಎಂದಾಯಿತು. ನಾನು ಮೂರನೆಯ ತರಗತಿಯವರೆಗೆ ಓದಿದವಳು, ಅಕ್ಷರ ಕೂಡಿಸಿ ಓದಬಲ್ಲೆ. ಆ ಶಬ್ದವನ್ನು ಶಾಲೆಗಳ ಗೋಡೆಯ ಮೇಲೆ ಹಾರ ಹಾಕಿದ ಫೋಟೋಗಳ ಕೆಳಗೆ ಮಾತ್ರ ನೋಡಿದ್ದೆ, ಸತ್ತವರಿಗೆ ಕೊಡುವ ಪದವಿ ಎಂದುಕೊಂಡಿದ್ದೆ. ಬದುಕಿರುವಾಗಲೂ ಕೊಡುತ್ತಾರೆ ಎಂದು ಸುಜಾತಾ ಹೇಳಿದ ಮೇಲೆ ನನಗೆ ಆ ಪುಟದ ಮೇಲೆ ಪ್ರೀತಿ ಹುಟ್ಟಿತು. ಮುಂದಿನದೆಲ್ಲ ಅಲ್ಲಿಂದಲೇ ಕೆಟ್ಟಿತು.

ಪುಟದ ತಲೆಯ ಮೇಲೆ ಎಲ್ಲರೂ ಕೂಡಿ ನಿಂತ ಫೋಟೋ ಬೇಕು ಎಂದು ಸುಜಾತಾ ಮೊಬೈಲನ್ನು ಕಿಟಕಿಗೆ ಒರಗಿಸಿ ತಾನೂ ಬಂದು ನಿಂತಳು. ಸುಜಾತಾ, ಮಾಬೂಬಿ, ಸಂಸ್ಥಾಪಕಿಯಾದ್ದರಿಂದ ನಡುವೆ ನಾನು. ನಿಂತ ಮೇಲೆ ನನಗೆ ಹೊಳೆಯಿತು. ಮೂವರೇ ನಿಂತು ಫೋಟೋ ತೆಗೆಸಬಾರದು, ನಡುವಿನವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಎಪ್ಪತ್ತು ದಾಟಿದವಳಿಗೆ ಆಯುಷ್ಯದ ಚಿಂತೆ ಏಕೆ ಎಂದು ನೀವು ಕೇಳಬಹುದು. ಡಬ್ಬಿಯ ತಳದ ಎಣ್ಣೆಯನ್ನೇ ನೋಡಿ, ಅದನ್ನು ಯಾರೂ ಚೆಲ್ಲುವುದಿಲ್ಲ.

“ಮೂರು ಮಂದಿ ಬ್ಯಾಡ” ಎಂದೆ.

“ಅತ್ತೀ, ಇದು ವ್ಯಾಪಾರದ ಫೋಟೋ.”

“ಯಮಗ ವ್ಯಾಪಾರ ತಿಳಿಯಂಗಿಲ್ಲ.”

“ನನ್ನ ಕೋಳಿ ಹಿಡ್ಕೊಂಡು ನಿಂದ್ರೋಣಕ್ಕಾ,” ಎಂದಳು ಮಾಬೂಬಿ, “ನಾಕು ಜೀವ ಆಗ್ತಾವ.”

ಅವಳ ಮಾತು ಕೇಳಬೇಕಿತ್ತು. ಕೋಳಿಯನ್ನು ಹುಡುಕಿಕೊಂಡು ಯಾರೂ ಬೈಕಿನ ಮೇಲೆ ಬರುತ್ತಿರಲಿಲ್ಲ. ಆದರೆ ಸಂಸ್ಥಾಪಕಿಯ ಪಕ್ಕ ಕೋಳಿ ಚೆನ್ನಾಗಿ ಕಾಣುವುದಿಲ್ಲ ಎನಿಸಿತು. ಮೂಲೆಯಲ್ಲಿ ಕೂತು ಹೊಲಿಯುತ್ತಿದ್ದ ದುರುಗಮ್ಮನನ್ನು ಕರೆದೆ.

“ನನ್ನ ಬ್ಯಾಡ್ರೀ ಯವ್ವಾ. ನಿಮಗ ಗೊತ್ತದಲ್ರೀ.”

“ಗೊತ್ತದ. ಇದನ್ನ ನೋಡೋರು ಎಲ್ಲೋ ದೂರ ಕುಂತು ಕೌದಿ ತಗೊಳ್ಳೋ ಮಂದಿ. ನಿನ್ನ ಗಂಡ ಕೌದಿ ತಗೊಳ್ಳಾಕ ಹೊಂಟಾನೇನು?”

ಮಾಬೂಬಿ ನಕ್ಕಳು, ಸುಜಾತಾ ನಕ್ಕಳು. ಎಲ್ಲರೂ ನಕ್ಕಾಗ ದುರುಗಮ್ಮನೂ ನಕ್ಕಳು. ನಕ್ಕ ಮೇಲೆ ಇಲ್ಲ ಎನ್ನುವುದು ಕಷ್ಟ. ಬಂದು ನಿಂತಳು. ಹೆಸರನ್ನಾದರೂ ಬೇರೆ ಹಾಕಿ ಎಂದು ಬೇಡಿಕೊಂಡಳು, ಸುಜಾತಾ ಲಕ್ಷ್ಮೀ ಎಂದು ಹಾಕಿದಳು. ಹೆಸರು ಬದಲಿಸಿ ಮುಖವನ್ನು ಹಾಗೆಯೇ ಬಿಟ್ಟೆವು. ಕದ್ದ ಎಮ್ಮೆ ಮಾರುವವರು ಸಹ ಇಷ್ಟು ದಡ್ಡರಲ್ಲ, ಕೊಂಬನ್ನಾದರೂ ಕೆತ್ತುತ್ತಾರೆ.

ಹವ್ಯಾಸ ಕೇಳಿದಾಗ ದುರುಗಮ್ಮ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಟ್ಟಳು. ಆಮೇಲೆ, “ನಿದ್ದಿ ರೀ” ಎಂದಳು. “ಇಲ್ಲಿಗಿ ಬಂದ ಮ್ಯಾಲೆ ನಿದ್ದಿ ಬರ್ತದ. ಅದನ್ನ ಬರೀರಿ.” ಕೆಲಸಗಾರಳ ಹವ್ಯಾಸ ನಿದ್ದೆ ಎಂದರೆ ಗಿರಾಕಿಗಳು ಏನೆಂದುಕೊಂಡಾರು. ಸುಜಾತಾ ‘ಹಾಡು ಕೇಳುವುದು’ ಎಂದು ಬರೆದಳು.

ಪುಟ ಹೊರಬಿದ್ದ ದಿನ ನಾನು ಅದನ್ನು ನಾಲ್ಕು ಸಲ ನೋಡಿದೆ. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಮಾತು ನಿಜವಾಗುತ್ತಿತ್ತೋ ಏನೋ, ದೂರದ ಮಂದಿ ನೋಡಿ ಮರೆಯುತ್ತಿದ್ದರು. ಆದರೆ ಲಿಂಗಸುಗೂರಿನಲ್ಲಿ ನನ್ನ ತಂಗಿಯ ಮಗಳು ಸರೋಜಾ ಇದ್ದಾಳೆ. ಹಿಂದೊಮ್ಮೆ ಮನೆ ತುಂಬ ಬೀಗರಿರುವಾಗ “ನಮ್ಮ ದೊಡ್ಡವ್ವ ಚಿಂದಿ ಹೊಲೀತಾಳ” ಎಂದಿದ್ದಳು. ಆ ಮಾತು ನನ್ನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. “ಅಕಿಗಿ ಕಳಸು” ಎಂದು ಸುಜಾತಾಳಿಗೆ ಹೇಳಿದೆ. ಬೇಡ ಎನ್ನುವ ಹಾಗೆ ಅವಳು ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ಕಳಿಸಿದಳು. ಸರೋಜಾ ಅದನ್ನು ‘ನಮ್ಮ ದೊಡ್ಡವ್ವನ ಕಂಪನಿ’ ಎಂದು ತನ್ನ ಸ್ಟೇಟಸ್ಸಿಗೆ ಹಾಕಿದಳು. ಲಿಂಗಸುಗೂರಿನಿಂದ ಗುರುಗುಂಟಾ ಎಷ್ಟು ದೂರ. ಯಾರೋ ನೋಡಿದರು, ಯಾರೋ ಯಾರಿಗೋ ತೋರಿಸಿದರು.

ನಾಲ್ಕನೆಯ ದಿನ ಮಧ್ಯಾಹ್ನ ಉಂಡು ಕೂತಿದ್ದೆವು. ಸುಜಾತಾ ಕೌದಿಯ ಗಂಟು ಪಾರ್ಸಲ್ ಕೊಡಲು ಹೋಗಿದ್ದಳು. ಒಬ್ಬ ಗಂಡಸು ಬೈಕನ್ನು ಹೊರಗೇ ನಿಲ್ಲಿಸಿ, ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ.

“ಸಂಸ್ಥಾಪಕರು ನೀವೇನ್ರೀ?”

ಹೊರಗಿನವನೊಬ್ಬ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಹೌದು ಎಂದೆ. ಕೂಡಿಸಿದೆ. ಗಿರಾಕಿ ಎಂದುಕೊಂಡು, “ದುರುಗೀ, ಚಾ ಇಡು ಬೇ” ಎಂದು ಒಳಕ್ಕೆ ಕೂಗಿದೆ.

ಅವನು ಮೊಬೈಲು ತೆಗೆದು ಆ ಫೋಟೋ ತೋರಿಸಿದ. ಬೆರಳಿಟ್ಟು, “ಈ ನಾಕನೇದಕಿ ನಮ್ಮಕಿ ರೀ” ಎಂದ. “ಲಕ್ಷ್ಮೀ ಅಂತ ಬರದೀರಿ. ಇರಲಿ, ಚೊಲೋ ಹೆಸರು.”

ದುರುಗಮ್ಮ ಚಹಾ ತಂದಳು. ಅವನನ್ನು ಕಂಡಳು. ಒಂದು ಹನಿ ಚೆಲ್ಲದ ಹಾಗೆ ಲೋಟ ಕೆಳಗಿಟ್ಟಳು. ಅವನು ಪೂರ್ತಿ ಕುಡಿದ. “ಸಕ್ಕರಿ ಕಮ್ಮಿ ಆಗ್ಯದ” ಎಂದ. ಆಮೇಲೆ, “ನಡಿ” ಎಂದ.

ಮಾಬೂಬಿ ಕತ್ತರಿ ಹಿಡಿದುಕೊಂಡೇ ಎದ್ದಳು. ಅವಳ ಮೊಣಕಾಲಿಗೆ ಅಷ್ಟು ಬೇಗ ಏಳಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. “ಯಾಕ ಬರಬೇಕಪ್ಪಾ ಅಕಿ? ಮನಸಿದ್ರ ಬರ್ತಾಳ, ಇಲ್ಲಂದ್ರ ಇಲ್ಲ. ನೀ ನಡಿ.”

ಅವನು ಅವಳ ಕಡೆ ನೋಡಲೂ ಇಲ್ಲ. ನನಗೆ ಹೇಳಿದ: “ನಿಮ್ಮ ಕಂಪನಿ ಹೆಸರು ದೊಡ್ಡದಾಗಾಕತ್ತದ ರೀ. ಇದರಾಗ ಕೆಳಗ ಯಾರು ಬೇಕಾದ್ರೂ ಬರೀಬಹುದಂತ, ಐದು ಚುಕ್ಕಿ ಅದಾವ. ಮಂದಿ ಹೆಂಡ್ರನ್ನ ಮುಚ್ಚಿಟ್ಟು ದುಡಿಸ್ತಾರ ಅಂತ ನಾನೂ ಬರೀಲೇನು? ಪೊಲೀಸರಿಗೂ ಹೇಳಬಹುದು. ಯಾಕ ಸುಮ್ಮನ.” ಇಷ್ಟನ್ನೂ ಮೆಲ್ಲಗೆ, ಮಾತುಮಾತಿಗೆ ರೀ ಹಚ್ಚಿ ಹೇಳಿದ.

ದುರುಗಮ್ಮ ನನ್ನನ್ನೇ ನೋಡುತ್ತಿದ್ದಳು. ಆಗ ನನ್ನ ತಲೆಯಲ್ಲಿ ಏನಿತ್ತು ಎಂದು ಸುಳ್ಳು ಹೇಳುವುದಿಲ್ಲ. ಆ ಐದು ಚುಕ್ಕಿ ಇದ್ದವು. ಸರೋಜಾ ಓದುತ್ತಾಳೆ ಎಂಬುದಿತ್ತು. ಮಾಬೂಬಿಗೆ, “ನೀ ಸುಮ್ಮನಿರು ಬೇ, ಗಂಡ ಹೆಂತಿ ನಡುವ ನಾವ್ಯಾರು” ಎಂದೆ. ದುರುಗಮ್ಮನಿಗೆ, “ಹೋಗಿ ನೋಡು. ಸರಿ ಬರಲಿಲ್ಲಂದ್ರ ತಿರುಗಿ ಬರುವಂತಿ” ಎಂದೆ. ಎಂಟು ತಿಂಗಳ ಹಿಂದೆ ಅವಳು ಹೇಗೆ ಬಂದಿದ್ದಳು ಎಂದು ಇಬ್ಬರಿಗೂ ಗೊತ್ತಿತ್ತು.

ಅವಳು ಅರ್ಧ ಮುಗಿಸಿದ್ದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಳು. ಸೆರಗು ಸಿಕ್ಕಿಸಿದಳು. ಬೈಕಿನ ಹಿಂದೆ ಕೂತಳು. ಹೋಗುವಾಗ ಒಮ್ಮೆ ತಿರುಗಿ ನೋಡಿದ್ದರೆ ನಾನು ತಡೆಯುತ್ತಿದ್ದೆ ಎಂದು ಹೇಳಿಕೊಳ್ಳಬಹುದಿತ್ತು. ಅವಳು ಅದಕ್ಕೂ ಅವಕಾಶ ಕೊಡಲಿಲ್ಲ.

ಸುಜಾತಾ ಬಂದಳು, ಕೇಳಿದಳು, ಕೂಗಾಡಲಿಲ್ಲ. ಗೋಡೆಗೆ ಒರಗಿ ಕೂತು ಮೊಬೈಲಿನಲ್ಲಿ ಎರಡು ಕಡೆ ಒತ್ತಿದಳು. ಪುಟ ಹೋಯಿತು. ಮಾಡಲು ಎಂಟು ದಿನ ಹಿಡಿದದ್ದು ಬೆರಳಿನ ನೆಟಿಕೆ ತೆಗೆಯುವಷ್ಟರಲ್ಲಿ ಹೋಯಿತು.

“ಇನ್ನ ಅದು ಅವಗ ಕಾಣಂಗಿಲ್ಲೇನು?” ಎಂದೆ.

“ಇನ್ನ ಅವ ಯಾಕ ನೋಡ್ತಾನತ್ತೀ?” ಎಂದಳು.

ಮಾಬೂಬಿ ಕೋಳಿ ಎತ್ತಿಕೊಂಡು ಮನೆಗೆ ಹೋದಳು. ಮತ್ತೆ ಇಪ್ಪತ್ತು ವರ್ಷ ಮಾತು ಬಿಡುತ್ತಾಳೋ ಏನೋ ಎಂದುಕೊಂಡೆ. ಅಷ್ಟು ವರ್ಷ ಇಬ್ಬರಲ್ಲೂ ಉಳಿದಿಲ್ಲ.

ಮರುದಿನ ಬೆಳಿಗ್ಗೆ ನಾನು ಆ ಅರ್ಧ ಕೌದಿ, ಕತ್ತರಿ, ದಾರದ ಉಂಡೆ, ಸೂಜಿ ಚೀಲಕ್ಕೆ ಹಾಕಿಕೊಂಡು ಲಿಂಗಸುಗೂರು ಬಸ್ಸು ಹತ್ತಿದೆ. ಇದನ್ನು ಧೈರ್ಯ ಎಂದುಕೊಳ್ಳಬೇಡಿ. ಮಸ್ಕಿಯಲ್ಲಿ ಬಸ್ಸು ನಿಂತಾಗ ಇಳಿದು ತಿರುಗಿ ಹೋಗೋಣ ಎಂದು ಎದ್ದು ನಿಂತಿದ್ದೆ. ಹತ್ತುವವರ ಗದ್ದಲದಲ್ಲಿ ಬಾಗಿಲಿಗೆ ಹೋಗಲು ಆಗಲಿಲ್ಲ, ಅಷ್ಟೇ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ಗುರುಗುಂಟಾದಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಕುರಿಗಳ ಹಿಂದೆ ಹಿಂದೆ ಹೋಗಿ ಅವನ ಮನೆ ಕೇಳಿದೆ.

ಅವನೇ ಬಾಗಿಲಲ್ಲಿ ನಿಂತ. ಬಿಳಿ ಅಂಗಿ ಇರಲಿಲ್ಲ. “ಅಕಿ ಹೊರಗ ಬರಂಗಿಲ್ಲ” ಎಂದ.

“ಬರಾದು ಬ್ಯಾಡ. ಇದು ಅಕಿ ಹಿಡಿದ ಕೌದಿ, ಗಿರಾಕಿ ಕೇಳಾಕತ್ತಾರ. ನಾ ಇಲ್ಲೇ ಕುಂತು ಮುಗಸ್ತೀನಿ” ಎಂದು ಕಟ್ಟೆಯ ಮೇಲೆ ಕೌದಿ ಹರವಿ ಕೂತೆ. ಮುದುಕಿಯೊಬ್ಬಳು ಪರರ ಕಟ್ಟೆಯ ಮೇಲೆ ಹೊಲಿಯಲು ಕೂತರೆ ನೋಡಲು ಬರದವರು ಯಾರು. ಕೊಡ ಹಿಡಿದ ನಾಲ್ಕು ಹೆಂಗಸರು ನಿಂತರು, ಬೀಡಿ ಸೇದುತ್ತಿದ್ದ ಒಬ್ಬ ಮುದುಕ ಬಂದ. ನನ್ನ ಕಣ್ಣಿಗೆ ಸೂಜಿಯ ತೂತು ಕಾಣದೆ ಹತ್ತು ವರ್ಷವಾಯಿತು. ಸೂಜಿ ಎತ್ತಿ ಹಿಡಿದು, “ದುರುಗೀ, ಇದರಾಗ ದಾರ ಪೋಣಸಿ ಕೊಡು ಬೇ” ಎಂದು ಒಳಕ್ಕೆ ಕೂಗಿದೆ.

ಅವನು ಹೆಂಗಸರನ್ನು ನೋಡಿದ. ಹೆಂಗಸರು ಅವನನ್ನು ನೋಡಿದರು. ಒಂದು ಸೂಜಿಗೆ ದಾರ ಪೋಣಿಸಬೇಡ ಎಂದು ಇಷ್ಟು ಮಂದಿಯ ಮುಂದೆ ಹೇಳುವುದು ಹೇಗೆ. ಅವನ ಹಿಂದಿನಿಂದ, ಬಾಗಿಲ ಸಂದಿಯಲ್ಲಿ ಒಂದು ಕೈ ಬಂತು. ನಿನ್ನೆ ಕೈತುಂಬ ಇದ್ದ ಹಸಿರು ಬಳೆಗಳಲ್ಲಿ ಎರಡು ಉಳಿದಿದ್ದವು. ಸೂಜಿ, ದಾರ ತೆಗೆದುಕೊಂಡು ಒಳಗೆ ಹೋಯಿತು, ಪೋಣಿಸಿದ ಸೂಜಿಯನ್ನು ಹೊರಗೆ ಚಾಚಿತು, ಮತ್ತೆ ಒಳಗೆ ಹೋಯಿತು.

ಕೌದಿಗೆ ನಾವು ಹಾಕುವುದು ಒಂದು ಮಾರುದ್ದ ದಾರ. ಒಮ್ಮೆ ಪೋಣಿಸಿದರೆ ಅರ್ಧ ತಾಸು ಮತ್ತೆ ಯಾರನ್ನೂ ಕರೆಯಬೇಕಿಲ್ಲ. ಆ ದಿನ ನಾನು ಗೇಣುದ್ದ ಕತ್ತರಿಸಿಕೊಂಡು ಹೊಲಿದೆ.